‘ನನಗೂ ಟೆಸ್ಟ್ ಮಾಡ್ತಾರಾ ಅಮ್ಮ?’

ಸಂಪಾದಕರೇ, ನಮಸ್ಕಾರ.

ಮಹಿಳಾ ಕ್ರೀಡೆಯಲ್ಲಿ ಲಿಂಗ ಪರೀಕ್ಷೆ ಅನ್ನುವ ಸುದ್ದಿ ಬಂದಾಗಲೆಲ್ಲ ನಮ್ಮ ಪತ್ರಿಕೆ, ಟೀವಿಗಳು ಹಾಕುವ ತಲೆಬರಹ ನೋಡಿದರೆ ನನಗೆ ಮೈ ಉರಿಯುತ್ತದೆ. ‘ಅವಳಲ್ಲ, ಅವನು!’ ಅಂತ ದಪ್ಪ ಅಕ್ಷರದಲ್ಲಿ ಹಾಕಿ, ಕೆಳಗೆ ನಾಲ್ಕು ಸಾಲು ಸರಿಯಾಗಿಯೇ ಬರೆದಿದ್ದರೂ ಅದನ್ನು ಓದುವವರು ಯಾರು? ತಲೆಬರಹದ ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಿದರೆ ಅಲ್ಲಿಗೆ ಮುಗಿಯಿತು. ನಮ್ಮ ಮನೆಯಲ್ಲಿ ಕ್ರೀಡಾ ಪುಟವನ್ನು ಮೊದಲು ಕಿತ್ತುಕೊಂಡು ಓದುವವಳು ನನ್ನ ಮಗಳು. ಒಂಬತ್ತನೇ ಕ್ಲಾಸು, 800 ಮೀಟರ್ ಓಡುತ್ತಾಳೆ. ಹಾಗಾಗಿ ಈ ವಿಷಯ ನಮಗೆ ದೂರದ್ದಲ್ಲ.

ದೂರು ಹೇಳೋದಕ್ಕಷ್ಟೇ ಬರೆಯುತ್ತಿಲ್ಲ. ನನ್ನ ಹಾಗೆ ಹದಿನಾಲ್ಕು ಹದಿನೈದರ ಮಕ್ಕಳಿರುವವರಿಗೂ ಒಂದು ಮಾತು ಹೇಳಬೇಕಿತ್ತು. ಗಂಡು, ಹೆಣ್ಣು, ಎರಡಕ್ಕೂ ಸಲೀಸಾಗಿ ಹೊಂದದವರು, ಇದನ್ನೆಲ್ಲ ಮಕ್ಕಳ ಹತ್ತಿರ ಹೇಗೆ ಮಾತಾಡೋದು ಅಂತ ನಾವೆಲ್ಲ ಒದ್ದಾಡುತ್ತೇವೆ. ಕೊನೆಗೆ ‘ಮುಂದೆ ನಿಂಗೇ ಗೊತ್ತಾಗುತ್ತೆ ಬಿಡು’ ಅಂದು ಕುಕ್ಕರ್ ನೋಡೋಕೆ ಎದ್ದು ಹೋಗುತ್ತೇವೆ. ಆಟದ ಸುದ್ದಿಯಿಂದ ಶುರು ಮಾಡಿ ನೋಡಿ. ಅಲ್ಲಿ ಹೆಸರಿದೆ, ಇಸವಿ ಇದೆ, ನಿಯಮ ಇದೆ, ಬೇಕಾದಷ್ಟು ಜಗಳ ಇದೆ. ಎದುರಿಗೆ ಕೂತ ಮಗುವಿನ ಕಡೆ ಬೆರಳು ತೋರಿಸದೇ ಮಾತು ಮುಂದಕ್ಕೆ ಹೋಗುತ್ತದೆ. ಉಪದೇಶ ಮಾಡೋಕೆ ಹೊರಟರೆ ಅವರೇ ನಮ್ಮನ್ನು ತಿದ್ದುತ್ತಾರೆ, ಯಾಕೆಂದರೆ ಯಾರು ಯಾವ ವರ್ಷ ಎಷ್ಟು ಸೆಕೆಂಡಿನಲ್ಲಿ ಓಡಿದರು ಅನ್ನೋದು ನಮಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ನಮ್ಮಲ್ಲಿ ಇದು ಶುರುವಾಗಿದ್ದು ಪ್ಯಾರಿಸ್ ಒಲಿಂಪಿಕ್ಸ್‌ನಿಂದ. 2024ರ ಆಗಸ್ಟ್ 1ರಂದು ಅಲ್ಜೀರಿಯಾದ ಇಮಾನ್ ಖೆಲಿಫ್ ಎದುರು ಇಟಲಿಯ ಆಂಜೆಲಾ ಕರೀನಿ 46 ಸೆಕೆಂಡಿಗೇ ಬಾಕ್ಸಿಂಗ್ ಬೌಟ್ ಬಿಟ್ಟು ಹೊರಟರಲ್ಲ, ಅವತ್ತು ರಾತ್ರಿ ಊಟದ ಹೊತ್ತಿಗೆ ನಮ್ಮ ಕುಟುಂಬದ ಗ್ರೂಪಿನಲ್ಲಿ ‘ಆಪರೇಷನ್ ಮಾಡಿಸಿಕೊಂಡು ಹೆಣ್ಣಾದ ಗಂಡಸು ಹೆಣ್ಣುಮಕ್ಕಳಿಗೆ ಹೊಡೀತಿದ್ದಾನೆ’ ಅಂತ ಮೂರು ನಾಲ್ಕು ಫಾರ್ವರ್ಡ್ ಬಂದಿದ್ದವು. ಕಳಿಸಿದವರು ನಮ್ಮ ಭಾವನವರು, ರಿಟೈರ್ಡ್ ಮೇಷ್ಟ್ರು. ಅದು ಸುಳ್ಳು. ಇಮಾನ್ ಹುಟ್ಟಿದಾಗ ದಾಖಲಾಗಿದ್ದು ಹೆಣ್ಣು ಅಂತ, ಬೆಳೆದಿದ್ದು ಹೆಣ್ಣಾಗಿ, ಪಾಸ್‌ಪೋರ್ಟಿನಲ್ಲಿರೋದೂ ಹೆಣ್ಣು. ಲಿಂಗ ಬದಲಾಯಿಸಿಕೊಂಡ ಕತೆಯೇ ಅಲ್ಲಿಲ್ಲ. ಇದ್ದ ತಕರಾರು ಬೇರೆ. 2023ರಲ್ಲಿ ನಮ್ಮ ದೆಹಲಿಯಲ್ಲೇ ನಡೆದ ವಿಶ್ವ ಮಹಿಳಾ ಬಾಕ್ಸಿಂಗ್ ಚಾಂಪಿಯನ್‌ಷಿಪ್‌ನಲ್ಲಿ, ಫೈನಲ್ ಇನ್ನೇನು ಶುರುವಾಗಬೇಕು ಅನ್ನುವಾಗ, ಯಾವುದೋ ಟೆಸ್ಟಿನ ಕಾರಣ ಹೇಳಿ ಅಂತರರಾಷ್ಟ್ರೀಯ ಬಾಕ್ಸಿಂಗ್ ಸಂಸ್ಥೆ ಅವರನ್ನು ಹೊರಗೆ ಹಾಕಿತ್ತು. ಆ ಸಂಸ್ಥೆಗೂ ಒಲಿಂಪಿಕ್ ಸಮಿತಿಗೂ ಆಗಲೇ ಎಣ್ಣೆ ಸೀಗೇಕಾಯಿ. ಅದೇ ವರ್ಷ ಜೂನ್‌ನಲ್ಲಿ ಸಮಿತಿ ಅದರ ಮಾನ್ಯತೆಯನ್ನೇ ಕಿತ್ತುಹಾಕಿತು. ಪ್ಯಾರಿಸ್‌ನಲ್ಲಿ ಆಡಲು ಬಿಟ್ಟರು, ಇಮಾನ್ 66 ಕೆ.ಜಿ. ವಿಭಾಗದಲ್ಲಿ ಚಿನ್ನ ಗೆದ್ದರು. ಆಮೇಲೆ 2025ರಲ್ಲಿ ವರ್ಲ್ಡ್ ಬಾಕ್ಸಿಂಗ್ ಅನ್ನುವ ಹೊಸ ಸಂಸ್ಥೆ ಜೀನ್ ಪರೀಕ್ಷೆ ಕಡ್ಡಾಯ ಮಾಡಿತು.

ಇಷ್ಟನ್ನು ಹುಡುಕಿ ಓದಿ ನನಗೆ ಹೇಳಿದವಳು ಮಗಳೇ. ದೊಡ್ಡಪ್ಪನಿಗೆ ಗ್ರೂಪಿನಲ್ಲೇ ಉತ್ತರ ಹಾಕ್ತೀನಿ ಅಂತ ಹೊರಟಿದ್ದಳು, ನಾನು ಬೇಡ ಅಂದೆ. ಹಬ್ಬಕ್ಕೆ ಅವರ ಮನೆಗೇ ಹೋಗಬೇಕಲ್ಲ.

ಆದರೆ ಅದು ಇನ್ನೂ ಟೀವಿಯ ಮಾತಾಗಿತ್ತು. ನಮ್ಮ ಅಂಗಳಕ್ಕೆ ಬಂದಿದ್ದು ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ. ಪ್ರೌಢಶಾಲೆ ಹುಡುಗಿಯರ 800 ಮೀಟರ್. ಹಿಂದಿನ ರಾತ್ರಿ ಮಳೆ ಬಂದು ಸುಣ್ಣದ ಗೆರೆ ಅರ್ಧ ಕಲಸಿಹೋಗಿತ್ತು. ಮಗಳು ಎರಡನೆಯವಳಾಗಿ ಬಂದಳು. ಮೊದಲು ಬಂದ ಹುಡುಗಿ ಬೇರೆ ಹೋಬಳಿಯವಳು, ಬರಿಗಾಲು, ಬಾಯ್ ಕಟ್, ಎತ್ತರದ ಆಳು, ಎದೆ ಚಪ್ಪಟೆ. ಚೆಸ್ಟ್ ನಂಬರಿನ ಒಂದು ಪಿನ್ ಕಿತ್ತುಹೋಗಿ ಕಾಗದ ನೇತಾಡುತ್ತಿತ್ತು. ಇನ್ನೂ ಮೊಣಕಾಲಿನ ಮೇಲೆ ಕೈ ಊರಿ ಏದುಸಿರು ಬಿಡುತ್ತಿದ್ದಾಳೆ, ಅಷ್ಟರಲ್ಲಿ ಇನ್ನೊಂದು ಶಾಲೆಯವರೊಬ್ಬರು ತೀರ್ಪುಗಾರರ ಟೇಬಲ್ ಹತ್ತಿರ ನಿಂತು ಜೋರಾಗಿ ಅಂದರು: ‘ಸಾರ್, ಇದು ಹುಡುಗೀನೇ ತಾನೇ? ಒಂದ್ಸಲ ಚೆಕ್ ಮಾಡಿಸಿಬಿಡಿ.’ ಟೇಬಲ್ ಸುತ್ತ ಇದ್ದವರೆಲ್ಲ ನಕ್ಕರು. ನಮ್ಮ ಶಾಲೆ ಮಕ್ಕಳೂ ನಕ್ಕರು. ಆ ಹುಡುಗಿ ಏನೂ ಅನ್ನಲಿಲ್ಲ. ಕಾಗದವನ್ನು ಎದೆಗೆ ಒತ್ತಿ ಹಿಡಿದುಕೊಂಡು ನೀರಿನ ಡ್ರಮ್ಮಿನ ಆಚೆಗೆ ಹೋಗಿ ನಿಂತಳು. ಸರ್ಟಿಫಿಕೇಟ್ ಕೊಡುವಾಗ ಹೆಸರು ಎರಡು ಸಲ ಕೂಗಬೇಕಾಯಿತು.

ಮಾತು ನಿಜವಾಗಿ ನಡೆದಿದ್ದು ವಾಪಸ್ ಬರುವಾಗ ಸ್ಕೂಟರಿನ ಮೇಲೆ. ಈ ವಯಸ್ಸಿನವರ ಜೊತೆ ಮಾತಾಡಲು ಸ್ಕೂಟರಿನಷ್ಟು ಒಳ್ಳೆ ಜಾಗ ಇನ್ನೊಂದಿಲ್ಲ. ಮುಖ ಕಾಣಿಸೋದಿಲ್ಲ, ಎದ್ದು ಹೋಗೋಕೂ ಆಗೋದಿಲ್ಲ. ಬೈಪಾಸ್ ದಾಟಿದ ಮೇಲೆ ಹಿಂದಿನಿಂದ ಕೇಳಿದಳು: ‘ನಾನು ಇನ್ನೂ ಫಾಸ್ಟ್ ಓಡಿದ್ರೆ ನನಗೂ ಟೆಸ್ಟ್ ಮಾಡ್ತಾರಾ ಅಮ್ಮ?’

ಮಾಡ್ತಾರೆ ಅನ್ನೋದೇ ನಿಜ. ತಾಲ್ಲೂಕಿನಲ್ಲಿ ಯಾರೂ ಮಾಡುವ ಹಾಗಿಲ್ಲ, ಯಾರಿಗೂ ಆ ಹಕ್ಕಿಲ್ಲ. ಆದರೆ ವಿಶ್ವ ಮಟ್ಟಕ್ಕೆ ಹೋದರೆ ಖಂಡಿತ. 2025ರ ಸೆಪ್ಟೆಂಬರ್ 1ರಿಂದ ವರ್ಲ್ಡ್ ಅಥ್ಲೆಟಿಕ್ಸ್ ನಿಯಮ ಬಂದಿದೆ. ವಿಶ್ವ ಶ್ರೇಯಾಂಕಕ್ಕೆ ಲೆಕ್ಕವಾಗುವ ಕೂಟಗಳಲ್ಲಿ ಮಹಿಳಾ ವಿಭಾಗದಲ್ಲಿ ಓಡುವವರೆಲ್ಲ ಜೀವನದಲ್ಲಿ ಒಂದು ಸಲ ಎಸ್‌ಆರ್‌ವೈ ಅನ್ನುವ ಜೀನ್ ಇದೆಯಾ ಇಲ್ಲವಾ ಅಂತ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕೆನ್ನೆಯ ಒಳಗೆ ಹತ್ತಿ ಕಡ್ಡಿ ಆಡಿಸಿ ತೆಗೆಯುತ್ತಾರೆ, ಇಲ್ಲವೇ ರಕ್ತ. ಸಾಮಾನ್ಯವಾಗಿ ವೈ ಕ್ರೋಮೊಸೋಮಿನ ಮೇಲೆ ಇರುವ ಜೀನ್ ಅದು, ಹೊಟ್ಟೆಯಲ್ಲಿರುವ ಮಗು ಗಂಡಾಗಿ ಬೆಳೆಯಲು ಚಾಲನೆ ಕೊಡುತ್ತದೆ. ಅದೇ ತಿಂಗಳು ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋದ ಹೆಣ್ಣುಮಕ್ಕಳೆಲ್ಲ ಈ ನಿಯಮದ ಕೆಳಗೇ ಹೋದವರು.

‘ಹಂಗಾದ್ರೆ ಟೆಸ್ಟ್ ಮಾಡಿದ್ರೆ ಗೊತ್ತಾಗೇಬಿಡುತ್ತಲ್ಲ, ಆಮೇಲೆ ಏನ್ ಜಗಳ?’ ಅಂದಳು. ಇಲ್ಲಿಂದ ವಿಷಯ ಜಟಿಲವಾಗುತ್ತದೆ, ಮತ್ತು ನಿಜಕ್ಕೂ ಚೆನ್ನಾಗಿರುತ್ತದೆ. ಇದು ಹೊಸ ಐಡಿಯಾ ಏನಲ್ಲ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಿಂದ ಮೂವತ್ತು ವರ್ಷ ಒಲಿಂಪಿಕ್ಸ್‌ನಲ್ಲಿ ಹೆಣ್ಣುಮಕ್ಕಳಿಗೆ ಇಂಥದೇ ಪರೀಕ್ಷೆ ಮಾಡಿ, ಸರ್ಟಿಫಿಕೇಟ್ ಕೊಟ್ಟು, ಕೊನೆಗೆ 1999ರಲ್ಲಿ ಸಾಕಪ್ಪ ಅಂತ ಕೈಬಿಟ್ಟಿದ್ದರು. ಯಾಕೆ ಬಿಟ್ಟರು ಅಂತ ಕೇಳಿದರೆ ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೊಸೆ ಮಾರ್ಟಿನೆಸ್ ಪಟಿನ್ಯೊ ಕತೆ ಹೇಳಿ ಸಾಕು. 1985ರಲ್ಲಿ ಜಪಾನಿನ ಕೋಬೆಗೆ ವಿಶ್ವವಿದ್ಯಾಲಯಗಳ ಕ್ರೀಡಾಕೂಟಕ್ಕೆ ಹೋದಾಗ ಹಳೇ ಸರ್ಟಿಫಿಕೇಟನ್ನು ಮನೆಯಲ್ಲೇ ಬಿಟ್ಟು ಹೋಗಿದ್ದರು. ಮತ್ತೆ ಟೆಸ್ಟ್ ಮಾಡಿದರು. ವೈ ಕ್ರೋಮೊಸೋಮ್ ಇದೆ ಅಂತ ಬಂತು. ಗಾಯ ಆಗಿದೆ ಅಂತ ನಾಟಕ ಮಾಡಿ ಸುಮ್ನೆ ಕೂತುಬಿಡು ಅಂದರು, ಮುಂದಿನ ವರ್ಷ ಅವರು ಮಾತು ಕೇಳದೆ ಓಡಿದಾಗ ವಿಷಯ ಪತ್ರಿಕೆಗಳಿಗೆ ಬಂತು. ವಿದ್ಯಾರ್ಥಿವೇತನ ಹೋಯಿತು, ಮದುವೆಯಾಗಬೇಕಿದ್ದ ಹುಡುಗ ಬಿಟ್ಟುಹೋದ. ಆಕೆಯ ಮೈಗೆ ಗಂಡು ಹಾರ್ಮೋನನ್ನು ಬಳಸಿಕೊಳ್ಳುವ ಶಕ್ತಿಯೇ ಇರಲಿಲ್ಲ. ಅಂದರೆ ಜೀನ್ ಇದ್ದರೂ ಅದರಿಂದ ಓಟಕ್ಕೆ ಒಂದು ಕಾಳಿನಷ್ಟೂ ಲಾಭ ಇಲ್ಲ. ಹೋರಾಡಿ 1988ರಲ್ಲಿ ವಾಪಸ್ ಬಂದರು, ಅಷ್ಟರಲ್ಲಿ ಓಡುವ ವಯಸ್ಸು ಜಾರಿತ್ತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ 8 ಮಂದಿ ಹೆಣ್ಣುಮಕ್ಕಳ ಟೆಸ್ಟ್ ಫೇಲಾಯಿತು, ಡಾಕ್ಟರುಗಳು ಇನ್ನಷ್ಟು ನೋಡಿ ಎಂಟೂ ಜನರಿಗೆ ಆಡಲು ಬಿಟ್ಟರು. ಈಗ ಮತ್ತೆ ಬಂದಿರುವ ಎಸ್‌ಆರ್‌ವೈ ಟೆಸ್ಟನ್ನು, 1990ರಲ್ಲಿ ಆ ಜೀನನ್ನು ಪತ್ತೆ ಹಚ್ಚಿದ ತಂಡದಲ್ಲಿದ್ದ ಆಂಡ್ರ್ಯೂ ಸಿಂಕ್ಲೇರ್ ಅವರೇ ಒಪ್ಪಿಲ್ಲ. ಜೀನ್ ಇದೆ ಅಂದ ಮಾತ್ರಕ್ಕೆ ಅದು ಮೈಯಲ್ಲಿ ಏನು ಕೆಲಸ ಮಾಡಿದೆ ಅಂತ ಗೊತ್ತಾಗೋದಿಲ್ಲ ಅನ್ನುವುದು ಅವರ ವಾದ.

ಮಗಳಿಗೆ ಇಷ್ಟು ಸಾಕಾಗಲಿಲ್ಲ. ‘ನಮ್ಮವ್ರು ಯಾರಿಗಾದ್ರೂ ಹಿಂಗಾಗಿದ್ಯಾ?’

ಆಗಿದೆ. ಶಾಂತಿ ಸೌಂದರರಾಜನ್ ಹೆಸರನ್ನು ನಮ್ಮ ಮಕ್ಕಳು ಕೇಳಿಲ್ಲ, ಕೇಳಬೇಕು. ತಮಿಳುನಾಡಿನ ಪುದುಕೋಟೈ ಜಿಲ್ಲೆಯ ಹಳ್ಳಿಯವರು, ಅಪ್ಪ ಅಮ್ಮ ಇಟ್ಟಿಗೆ ಗೂಡಿನಲ್ಲಿ ಕೂಲಿ. 2006ರ ಡಿಸೆಂಬರ್, ದೋಹಾ ಏಷ್ಯನ್ ಗೇಮ್ಸ್, ನನ್ನ ಮಗಳು ಓಡುವ ಅದೇ 800 ಮೀಟರ್, ಬೆಳ್ಳಿ. ಕೆಲವೇ ದಿನಗಳಲ್ಲಿ ಲಿಂಗ ಪರೀಕ್ಷೆಯಲ್ಲಿ ಫೇಲ್ ಅಂತ ಸುದ್ದಿ ಹೊರಗೆ ಬಿತ್ತು, ಪದಕ ವಾಪಸ್ ಹೋಯಿತು. ಗುಟ್ಟಾಗಿ ಇರಬೇಕಾದ ವೈದ್ಯಕೀಯ ವರದಿಯನ್ನು ದೇಶವೆಲ್ಲ ಟೀವಿಯಲ್ಲಿ ನೋಡಿತು. ಅವರಿಗೆ ಬದುಕೇ ಬೇಡ ಅನ್ನಿಸಿಬಿಟ್ಟಿತ್ತು ಒಂದು ಹಂತದಲ್ಲಿ. ತಮಿಳುನಾಡು ಸರ್ಕಾರ 15 ಲಕ್ಷ ರೂಪಾಯಿ ಕೊಟ್ಟಿತ್ತು, ಅದರಲ್ಲಿ ಬಡ ಮಕ್ಕಳಿಗೆ ಓಟ ಕಲಿಸಲು ಹೊರಟರು. ಕೆಲವು ವರ್ಷ ಬಿಟ್ಟು ನೋಡಿದರೆ ಮತ್ತೆ ಅದೇ ಇಟ್ಟಿಗೆ ಗೂಡು, ದಿನಗೂಲಿ. ಆಮೇಲೆ ನಮ್ಮ ಬೆಂಗಳೂರಿನ ಕ್ರೀಡಾ ಪ್ರಾಧಿಕಾರಕ್ಕೆ ಬಂದು ಕೋಚಿಂಗ್ ಡಿಪ್ಲೊಮಾ ಮಾಡಿಕೊಂಡರು, ಅವರ ರಾಜ್ಯದಲ್ಲಿ ಕೋಚ್ ಕೆಲಸ ಖಾಯಂ ಆಗುವಷ್ಟರಲ್ಲಿ ದೋಹಾ ಓಟ ನಡೆದು ಹತ್ತು ವರ್ಷ ಆಗಿತ್ತು. ಶಾಂತಿ ಯಾರಿಗೂ ಮೋಸ ಮಾಡಿರಲಿಲ್ಲ. ತನ್ನ ಮೈ ಬೇರೆಯವರ ಹಾಗಿಲ್ಲ ಅನ್ನುವುದೇ ಆ ಹುಡುಗಿಗೆ ಗೊತ್ತಿರಲಿಲ್ಲ. ಅದನ್ನು ಕ್ರೀಡಾ ಅಧಿಕಾರಿಗಳು, ಸುದ್ದಿಯವರು ತಿಳಿಸಿದ ರೀತಿ ಇದೆಯಲ್ಲ, ಅದಕ್ಕೆ ಇವತ್ತಿಗೂ ಯಾರೂ ಸರಿಯಾಗಿ ಕ್ಷಮೆ ಕೇಳಿಲ್ಲ ಅಂತಲೇ ನನಗನ್ನಿಸುತ್ತದೆ.

ಮಗಳು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ‘ದ್ಯುತಿ ಚಂದ್ ಗೆದ್ರಲ್ಲ?’ ಅಂದಳು.

ಗೆದ್ದರು, ನಿಜ. ಒಡಿಶಾದ ನೇಕಾರರ ಮನೆ ಹುಡುಗಿ, ಓಟಗಾರ್ತಿ. 2014ರಲ್ಲಿ 18 ವರ್ಷ. ಮೈಯಲ್ಲಿ ಟೆಸ್ಟೊಸ್ಟೆರಾನ್ ಅನ್ನುವ ಗಂಡು ಹಾರ್ಮೋನ್ ಜಾಸ್ತಿ ಇದೆ ಅಂತ ಗ್ಲಾಸ್ಗೊ ಕಾಮನ್‌ವೆಲ್ತ್ ತಂಡದಿಂದ ಕೈಬಿಟ್ಟರು. ಔಷಧಿ ತಗೊಂಡು ಕಡಿಮೆ ಮಾಡಿಕೋ ಅಂದರೆ ಆಗಲ್ಲ ಅಂದರು, ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಾಲಯದವರೆಗೂ ಹೋದರು, 2015ರಲ್ಲಿ ಆ ನಿಯಮಕ್ಕೇ ತಡೆ ತಂದರು. ಈ ಹಾರ್ಮೋನಿನ ಮಿತಿ ಅನ್ನೋದೂ ಒಂದೇ ಕಡೆ ನಿಂತಿಲ್ಲ ನೋಡಿ. 2011ರಲ್ಲಿ ಒಂದು ಲೀಟರ್ ರಕ್ತಕ್ಕೆ 10 ನ್ಯಾನೊಮೋಲ್ (ಹಾರ್ಮೋನ್ ಅಳೆಯುವ ಲೆಕ್ಕ) ಅಂದರು, 2018ರಲ್ಲಿ 5 ಮಾಡಿದರು, ಅದೂ 400 ಮೀಟರ್‌ನಿಂದ ಒಂದು ಮೈಲಿವರೆಗಿನ ಓಟಗಳಿಗೆ ಮಾತ್ರ. 2023ರಲ್ಲಿ 2.5, ಎಲ್ಲ ಓಟಕ್ಕೂ. ದಕ್ಷಿಣ ಆಫ್ರಿಕಾದ ಕಾಸ್ಟರ್ ಸೆಮೆನ್ಯಾ ಎರಡು ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಚಿನ್ನ ಗೆದ್ದವರು, ಈ ಬದಲಾಗುವ ಗೆರೆಯ ಹಿಂದೆಯೇ ಕೋರ್ಟು ಕೋರ್ಟು ಅಲೆದು ಓಟ ಮುಗಿಸಿದರು. ಅವರ ಕೇಸನ್ನು ಸ್ವಿಸ್ ಕೋರ್ಟು ಸರಿಯಾಗಿ ಕೇಳಲಿಲ್ಲ ಅಂತ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿದ್ದು 2025ರ ಜುಲೈನಲ್ಲಿ. ಅವರು ಮೊದಲ ಸಲ ವಿಶ್ವ ಚಾಂಪಿಯನ್ ಆಗಿದ್ದು 2009ರಲ್ಲಿ, 18ನೇ ವಯಸ್ಸಿಗೆ.

‘ದ್ಯುತಿ ಡೋಪಿಂಗ್‌ನಲ್ಲಿ ಸಿಕ್ಕಿಬಿದ್ರು ಆಮೇಲೆ’ ಅಂತ ಸೇರಿಸಲು ಮಗಳು ಮರೆಯಲಿಲ್ಲ. ಹೌದು, 2023ರಲ್ಲಿ ನಾಲ್ಕು ವರ್ಷ ನಿಷೇಧ ಬಿತ್ತು. ಅದು ಬೇರೆ ತಪ್ಪು, ಇದು ಬೇರೆ ವಿಷಯ. ಹೊರಗಿಂದ ಮದ್ದು ತಗೊಳ್ಳೋದಕ್ಕೂ ಹುಟ್ಟುತ್ತಾ ಬಂದ ಮೈಗೂ ಸಂಬಂಧ ಇಲ್ಲ ಅನ್ನೋದನ್ನು ನಾನು ಹೇಳುವ ಮೊದಲೇ ಅವಳೇ ಹೇಳಿದಳು. ದ್ಯುತಿ 2019ರಲ್ಲಿ ತನಗೊಬ್ಬ ಹುಡುಗಿ ಸಂಗಾತಿ ಇದ್ದಾಳೆ ಅಂತ ಬಹಿರಂಗವಾಗಿ ಹೇಳಿದ್ದೂ ಅವಳಿಗೆ ಗೊತ್ತು. ‘ಅದಕ್ಕೇನಾ ಹಾರ್ಮೋನ್ ಜಾಸ್ತಿ ಇರೋದು?’ ಅಂತ ಕ್ಲಾಸಿನಲ್ಲಿ ಯಾರೋ ಕೇಳಿದ್ದರಂತೆ. ಇಲ್ಲ ಅಂದೆ. ಮೈ ಹೇಗಿದೆ, ನಾನು ಯಾರು ಅಂತ ಒಳಗೆ ಅನ್ನಿಸೋದೇನು, ಯಾರ ಮೇಲೆ ಮನಸ್ಸಾಗುತ್ತದೆ, ಇವು ಮೂರೂ ಬೇರೆ ಬೇರೆ. ನಮ್ಮ ಜನ ಮೂರನ್ನೂ ಒಂದೇ ಡಬ್ಬಿಗೆ ಸುರಿದು ಮುಚ್ಚಳ ಹಾಕುತ್ತಾರೆ. ಇಷ್ಟು ಮಾತು ಪಾಠ ಅಂತ ಕೂರಿಸಿ ಹೇಳಿದ್ದರೆ ಅವಳೂ ಕೇಳುತ್ತಿರಲಿಲ್ಲ, ನನಗೂ ಬಾಯಿ ಬರುತ್ತಿರಲಿಲ್ಲ.

ಇನ್ನು ಹುಡುಗನಾಗಿ ಹುಟ್ಟಿ, ತಾನು ಹೆಣ್ಣು ಅಂತ ತಿಳಿದು ಹಾಗೆ ಬದುಕುವವರು ಮಹಿಳಾ ವಿಭಾಗದಲ್ಲಿ ಆಡಬಹುದಾ ಅನ್ನುವುದು. ಇದರಲ್ಲಿ ನಾನೂ ಮಗಳೂ ಪೂರ್ತಿ ಒಪ್ಪಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಅವಳು ಓಟಗಾರ್ತಿ, ಅವಳ ಲೆಕ್ಕ ಗಟ್ಟಿ. 800 ಮೀಟರ್‌ನಲ್ಲಿ ಗಂಡಸರ ವಿಶ್ವ ದಾಖಲೆ ಡೇವಿಡ್ ರುಡಿಶಾ ಅವರದು, 1 ನಿಮಿಷ 40.91 ಸೆಕೆಂಡ್. ಹೆಂಗಸರದು ಯಾರ್ಮಿಲಾ ಕ್ರಾಟೊಚ್ವಿಲೊವಾ 1983ರಲ್ಲಿ ಓಡಿದ 1 ನಿಮಿಷ 53.28. ಮಧ್ಯೆ ಹನ್ನೆರಡು ಸೆಕೆಂಡಿಗೂ ಜಾಸ್ತಿ. ‘ಹನ್ನೆರಡು ಸೆಕೆಂಡ್ ಅಂದ್ರೆ ಏನ್ ಗೊತ್ತಾ ಅಮ್ಮ, ಅವ್ರು ಮುಗಿಸಿ ನೀರು ಕುಡೀತಿರ್ತಾರೆ’ ಅಂದಳು. ಹುಡುಗರು ದೊಡ್ಡವರಾಗುವ ವಯಸ್ಸಿನಲ್ಲಿ ಮೂಳೆ ಉದ್ದವಾಗುತ್ತದೆ, ಹೃದಯ, ಶ್ವಾಸಕೋಶ ದೊಡ್ಡದಾಗುತ್ತದೆ, ಸ್ನಾಯು ತುಂಬಿಕೊಳ್ಳುತ್ತದೆ. ಆಮೇಲೆ ಹಾರ್ಮೋನ್ ಚಿಕಿತ್ಸೆ ತೆಗೆದುಕೊಂಡರೆ ಸ್ನಾಯು ಸ್ವಲ್ಪ ಇಳಿಯಬಹುದು, ಎತ್ತರ ಇಳಿಯುತ್ತದೆಯೇ? ಮಹಿಳಾ ವಿಭಾಗ ಅಂತ ಬೇರೆ ಮಾಡಿರುವುದೇ ಈ ವ್ಯತ್ಯಾಸಕ್ಕೆ. ಅದಕ್ಕೇ 2022ರಲ್ಲಿ ಈಜು, 2023ರಲ್ಲಿ ಅಥ್ಲೆಟಿಕ್ಸ್, ಅದೇ ವರ್ಷ ನವೆಂಬರ್‌ನಲ್ಲಿ ಕ್ರಿಕೆಟ್, ಗಂಡು ಪ್ರೌಢತೆ ದಾಟಿದವರು ಅಂತರರಾಷ್ಟ್ರೀಯ ಮಹಿಳಾ ವಿಭಾಗಕ್ಕೆ ಬರುವಂತಿಲ್ಲ ಅಂತ ಬಾಗಿಲು ಹಾಕಿದವು. ಆ ಮಟ್ಟದಲ್ಲಿ ಇದು ನ್ಯಾಯವೇ ಅನ್ನುವುದು ಮಗಳ ಮಾತು. ನಾನೂ ಹೆಚ್ಚುಕಮ್ಮಿ ಅಲ್ಲೇ ಇದ್ದೇನೆ. ಆದರೆ ನ್ಯೂಜಿಲೆಂಡಿನ ಲಾರೆಲ್ ಹಬ್ಬರ್ಡ್ ಟೋಕಿಯೊ ಒಲಿಂಪಿಕ್ಸ್‌ಗೆ ವೇಟ್‌ಲಿಫ್ಟಿಂಗ್‌ಗೆ ಬಂದಾಗ ಜಗತ್ತೇ ಮುಳುಗಿತು ಅನ್ನುವ ಹಾಗೆ ಕೂಗಾಡಿದರಲ್ಲ, ಆಕೆ ಸ್ನ್ಯಾಚ್‌ನಲ್ಲಿ ಮೂರಕ್ಕೆ ಮೂರೂ ಎತ್ತಲಾರದೆ ಹೊರಟುಹೋದರು. ಅಮೆರಿಕದ ಲಿಯಾ ಥಾಮಸ್ 2022ರ ಕಾಲೇಜು ಈಜಿನಲ್ಲಿ 500 ಯಾರ್ಡ್ ಗೆದ್ದರು, ಅದೇ ಕೂಟದ 200 ಯಾರ್ಡ್‌ನಲ್ಲಿ ಐದನೆಯವರು. ಟೀವಿಯವರು ಗೆದ್ದಿದ್ದನ್ನು ಮಾತ್ರ ತೋರಿಸುತ್ತಾರೆ.

ನಿಯಮ ಒಂದು ಕಡೆ ಇರಲಿ, ಮನುಷ್ಯರ ಬಗ್ಗೆ ಆಡುವ ಮಾತು ಇನ್ನೊಂದು ಕಡೆ. ಮಾಜಿ ಕ್ರಿಕೆಟಿಗ ಸಂಜಯ್ ಬಂಗಾರ್ ಅವರ ಮಗಳು ಅನಯಾ ಬಂಗಾರ್ ತಾನು ಹಾರ್ಮೋನ್ ಚಿಕಿತ್ಸೆ ತೆಗೆದುಕೊಂಡಿದ್ದನ್ನು 2024ರ ನವೆಂಬರ್‌ನಲ್ಲಿ ಇನ್‌ಸ್ಟಾಗ್ರಾಮ್‌ನಲ್ಲಿ ಹೇಳಿಕೊಂಡರು. ಹುಡುಗರ ಕ್ರಿಕೆಟ್‌ನಲ್ಲಿ ಚೆನ್ನಾಗಿ ಆಡಿ ಬೆಳೆದವರು, ಈಗ ಮಹಿಳಾ ಕ್ರಿಕೆಟ್‌ಗೆ ನಿಯಮ ಬಿಡುವುದಿಲ್ಲ. ಮತ್ತೆ ಯೋಚನೆ ಮಾಡಿ ಅಂತ ಕ್ರಿಕೆಟ್ ಮಂಡಳಿಗಳನ್ನು ಕೇಳಿಕೊಂಡಿದ್ದಾರೆ. ಆ ಪೋಸ್ಟುಗಳ ಕೆಳಗೆ ಬಂದಿರುವ ಕಾಮೆಂಟುಗಳನ್ನು ಮಗಳು ತೋರಿಸಿದಳು. ಕನ್ನಡದವೂ ಇವೆ. ಇಲ್ಲಿ ಬರೆಯುವಂಥವಲ್ಲ. ಮಹಿಳಾ ತಂಡದಲ್ಲಿ ಆಡಬಾರದು ಅನ್ನುವುದು ಒಂದು ಅಭಿಪ್ರಾಯ, ವಾದ ಮಾಡಬಹುದು. ನೀನು ಮನುಷ್ಯಳೇ ಅಲ್ಲ ಅನ್ನುವುದು ಅಭಿಪ್ರಾಯ ಹೇಗಾಗುತ್ತದೆ?

ನಮ್ಮ ರಾಜ್ಯಕ್ಕೆ ಇದೆಲ್ಲ ಹೊಸದೂ ಅಲ್ಲ, ವಿದೇಶದಿಂದ ಬಂದಿದ್ದೂ ಅಲ್ಲ. ಸವದತ್ತಿ, ಹುಲಿಗಿ ಕಡೆ ಜೋಗಪ್ಪಂದಿರನ್ನು ನೋಡಿ ಬೆಳೆದವರು ನಾವು. ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾಗಿದ್ದರು, 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ರಾಷ್ಟ್ರಪತಿಗಳಿಗೇ ಸೆರಗಿನಲ್ಲಿ ದೃಷ್ಟಿ ತೆಗೆದರು. ಸರ್ಕಾರಿ ಕೆಲಸದಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ 1% ಮೀಸಲಾತಿ ಕೊಟ್ಟ ಮೊದಲ ರಾಜ್ಯ ನಮ್ಮದು, ಅದೂ 2021ರಲ್ಲೇ. ಆದರೂ ಸಿಗ್ನಲ್ಲಿನಲ್ಲಿ ಚಪ್ಪಾಳೆ ಸದ್ದು ಕೇಳಿದರೆ ಕಾರಿನ ಗಾಜು ಏರುತ್ತದೆ, ನಮ್ಮದೂ ಸೇರಿ. ಮಕ್ಕಳು ಅದನ್ನು ಹಿಂದಿನ ಸೀಟಿನಿಂದ ನೋಡುತ್ತಾರೆ.

ಇಷ್ಟೆಲ್ಲ ಮಾತಾಡುತ್ತಾ ಇದ್ದಾಗ ಒಂದು ದಿನ ಮಗಳು ಬೇರೆಯದೇ ವಿಷಯ ತೆಗೆದಳು. ಅವಳ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದಾನೆ. ಪಿಟಿ ಪೀರಿಯಡ್‌ನಲ್ಲಿ ಹುಡುಗರಿಗೆ ಕಬಡ್ಡಿ, ಹುಡುಗಿಯರಿಗೆ ಥ್ರೋಬಾಲ್. ಇವನು ಪ್ರತಿ ಸಲ ಹೊಟ್ಟೆನೋವು ಅಂತ ಹೊಂಗೆ ಮರದ ಕೆಳಗೆ ಕೂರುತ್ತಾನೆ. ಕಬಡ್ಡಿಗೆ ಹೋದರೆ ಅವನನ್ನು ಹಿಡಿಯುವ ನೆಪದಲ್ಲಿ ಏನೇನೋ ಮಾಡುತ್ತಾರಂತೆ, ಕರೆಯುವ ಹೆಸರೂ ಬೇರೆ. ಬಾಲ್ ಹೊರಗೆ ಬಂದಾಗ ಅವನು ವಾಪಸ್ ಎಸೆಯುವುದು ನೋಡಿದರೆ ಇವರ ತಂಡದ ಯಾರಿಗಿಂತಲೂ ಚೆನ್ನಾಗಿ ಎಸೆಯುತ್ತಾನಂತೆ. ‘ಅವ್ನು ಟ್ರಾನ್ಸ್ ಇರಬಹುದಾ?’ ಅಂದಳು. ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ, ಬಹುಶಃ ಅವನಿಗೂ ಇನ್ನೂ ಗೊತ್ತಿಲ್ಲದಿರಬಹುದು, ಅದನ್ನು ನಾವು ತೀರ್ಮಾನ ಮಾಡೋದು ಬೇಡ ಅಂದೆ. ಒಂದು ವಾರ ಕಳೆದ ಮೇಲೆ ಅವಳೇ ಪಿಟಿ ಟೀಚರ್ ಹತ್ತಿರ ಹೋಗಿ, ಪೀರಿಯಡ್‌ನಲ್ಲಿ ಅವನೂ ನಮ್ಮ ಜೊತೆ ಥ್ರೋಬಾಲ್ ಆಡಲಿ ಅಂತ ಕೇಳಿದ್ದಾಳೆ. ‘ತಾಲ್ಲೂಕಿಗೆ ಹುಡ್ಗೀರ ಟೀಮೇ ಬೇರೆ ಮೇಡಂ, ಅದು ನಂಗೊತ್ತು. ಇದು ಸುಮ್ನೆ ಪೀರಿಯಡ್ ಅಲ್ವಾ’ ಅಂತ ಹೇಳಿದಳಂತೆ. ದೊಡ್ಡ ದೊಡ್ಡ ಕ್ರೀಡಾ ಸಂಸ್ಥೆಗಳು ವಕೀಲರನ್ನಿಟ್ಟುಕೊಂಡು ಎಳೆಯುವ ಗೆರೆಯನ್ನು ಈ ಹುಡುಗಿ ಎರಡು ಮಾತಿನಲ್ಲಿ ಎಳೆದಿದ್ದಳು. ಟೀಚರ್ ‘ನೋಡೋಣ’ ಅಂದಿದ್ದಾರೆ. ಈ ಪತ್ರ ಬರೆಯುವವರೆಗೂ ನೋಡುತ್ತಲೇ ಇದ್ದಾರೆ.

ಪತ್ರ ಉದ್ದವಾಯಿತು. ಜಾಗ ಸಾಲದಿದ್ದರೆ ನಮ್ಮ ಮನೆ ಕತೆ ಕತ್ತರಿಸಿ, ಶಾಂತಿ ಅವರದು ಉಳಿಸಿ. ಕೇಳಿಕೊಳ್ಳುವುದು ಇಷ್ಟು. ಇಂಥ ಸುದ್ದಿಗೆ ತಲೆಬರಹ ಕೊಡುವಾಗ ಆ ಆಟಗಾರ್ತಿ ಹುಟ್ಟಿನಿಂದ ಹೆಣ್ಣಾಗಿ ಬೆಳೆದವರೋ, ಲಿಂಗ ಬದಲಾಯಿಸಿಕೊಂಡವರೋ ಅನ್ನುವುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಎರಡನ್ನೂ ಕಲಸಬೇಡಿ. ಯಾರದೋ ವೈದ್ಯಕೀಯ ವರದಿ ಸೋರಿದೆ ಅಂದ ತಕ್ಷಣ ಅಚ್ಚು ಹಾಕಬೇಡಿ. ಶಿಕ್ಷಣ ಇಲಾಖೆಯವರೂ ಈ ಪುಟ ಓದುತ್ತಾರೆ ಅಂತ ಕೇಳಿದ್ದೇನೆ. ಶಾಲಾ ಕ್ರೀಡಾಕೂಟಕ್ಕೆ ಕಳಿಸುವ ಸುತ್ತೋಲೆಯಲ್ಲಿ, ಯಾವ ಮಗುವಿನ ಮೈ ಬಗ್ಗೆಯೂ ಮೈದಾನದಲ್ಲಿ ಯಾರೂ ಪ್ರಶ್ನೆ ಎತ್ತುವಂತಿಲ್ಲ, ಅನುಮಾನ ಇದ್ದರೆ ಹುಟ್ಟಿದ ದಾಖಲೆ ನೋಡಿ ಸುಮ್ಮನಾಗಬೇಕು ಅಂತ ಒಂದು ಸಾಲು ಸೇರಿಸಿದರೆ ಖರ್ಚೇನೂ ಇಲ್ಲ.

ಇನ್ನೊಂದು. ನಿಮ್ಮ ಆರೋಗ್ಯ ಪುಟದಲ್ಲಿ ಹಾರ್ಮೋನ್ ಡಾಕ್ಟರೊಬ್ಬರ ಕೈಲಿ ಹದಿಹರೆಯದವರಿಗೇ ಅಂತ ಬರೆಸಿ. ಮಗಳ ಗೆಳತಿಯರ ಪ್ರಶ್ನೆಗಳು ಬೇಕಾದಷ್ಟಿವೆ: ಜಾಸ್ತಿ ಪ್ರಾಕ್ಟೀಸ್ ಮಾಡಿದರೆ ಮುಟ್ಟು ತಡವಾಗುತ್ತದಾ, 15 ತುಂಬಿದರೂ ಆಗದಿದ್ದರೆ ಯಾರಿಗೆ ತೋರಿಸಬೇಕು, ಮೀಸೆ ಹತ್ತಿರ ಕೂದಲು ಬಂದರೆ ಅದು ಕಾಯಿಲೆಯಾ, ಡಾಕ್ಟರ್ ಹತ್ತಿರ ಹೇಳಿದ್ದು ಸ್ಕೂಲಿಗೆ ಗೊತ್ತಾಗುತ್ತಾ. ಹುಡುಗರೂ ಕೇಳಬಹುದು, ಅವರಿಗೂ ಜಾಗ ಇರಲಿ. ಹೆಸರು ಹಾಕದೆ ಪ್ರಶ್ನೆ ಕಳಿಸುವ ವ್ಯವಸ್ಥೆ ಇದ್ದರೆ ಮೊದಲ ವಾರಕ್ಕೇ ಆಗುವಷ್ಟನ್ನು ನಮ್ಮ ಶಾಲೆಯಿಂದಲೇ ಕಳಿಸಿಕೊಡುತ್ತೇವೆ.

ಒಬ್ಬ ತಾಯಿ, ಹಾಸನ
(ಮಗಳು ಇನ್ನೂ ಅದೇ ಮೈದಾನದಲ್ಲಿ ಓಡಬೇಕು, ಹಾಗಾಗಿ ಹೆಸರು ಹಾಕಬೇಡಿ)